ಗೀರು

ಬೆಟಗೇರಿ ಕಡೆಯಿಂದ ಬಂದ ನೀಲಗಂಗವ್ವ
ಚೀಲದಾಗಿಂದ ಒಂದು ಚೂರು ಕಾಗದ ತಗದ್ಲು.
ಗೆದ್ದಲ ತಿಂದು ಉಳಿಸಿದ್ದು: ಗಣಪತಿಯ ಸೊಂಡಿಲು,
ಅದರ ಕೆಳಗ ಅರ್ಧ ಮುಹೂರ್ತ.
"ನಿಮ್ಮ ಪ್ರೆಸ್ಸಿನ್ಯಾಗ ಹಾಕ್ಸಿದ್ದು ತಂಗೀ, ಎರಡು ಸಾವಿರದ ನಾಕನೇ ಇಸವಿ.
ಈಗ ಮದುವಿ ನೋಂದಣಿ ಆಗಬೇಕಂತ, ಲಗ್ನಪತ್ರ ಕೇಳ್ಯಾರ.
ನಾಳೆ ಹನ್ನೊಂದಕ್ಕ."

ಪತ್ರ ಐತಿ.
ಸಿಡಿಯಿಂದ ಪೆನ್‌ಡ್ರೈವಿಗೆ, ಅಲ್ಲಿಂದ ಡಿಸ್ಕಿಗೆ
ಬಾಡಿಗಿ ಮನಿ ಬದಲಿಸಿಕೊಂತ ಬಂದೈತಿ.
ಹೊಸ ವಿಂಡೋಸಿನ್ಯಾಗ ತಗದ್ರ
ಗಣಪತಿ ಬರ್ತಾನ, ಅಕ್ಷರ ಬರೂದಿಲ್ಲ;
ಡಾಲರು, ಚುಕ್ಕಿ, ಕೊಕ್ಕಿ,
ಜಾತ್ರಿ ಮರುದಿನದ ಬಳಿ ಚೂರು.

ಅದಕ್ಕ ನಾನು ಮನಿ ಕಂಪ್ಯೂಟರಿನ ಹೊಟ್ಟಿಯೊಳಗ
ಇನ್ನೊಂದು ಕಂಪ್ಯೂಟರ್ ಸಾಕೇನಿ.
ವರ್ಚುವಲ್ ಮಷೀನು. ತೂಕಿಲ್ಲ, ಫ್ಯಾನಿಲ್ಲ,
ಒಳಗ ಹಳೇ ಎಕ್ಸ್‌ಪಿ, ಹಳೇ ಪೇಜ್‌ಮೇಕರ್, ಹಳೇ ಫಾಂಟು,
ಹಿಂದ ಒಂದು ಹಸಿರು ಗುಡ್ಡ.
ನಮ್ಮ ಕಪ್ಪತಗುಡ್ಡ ಶ್ರಾವಣದಾಗೂ ಅಷ್ಟು ಹಸರಾಗೂದಿಲ್ಲ.

ರಾತ್ರಿ ಒಂಬತ್ತಕ್ಕ ಚಾಲೂ ಮಾಡಿದೆ.
ಮೌಸು ಸರಸಿದ್ರ ಬಾಣ
ಮೆಲುಕು ಹಾಕೋ ಎಮ್ಮಿ ಎದ್ದಂಗ ಎದ್ದು,
ನಿಂತು,
ಆಮ್ಯಾಲೆ ನಡೀತಿತ್ತು.

ರ‍್ಯಾಮ್ ಸಾಲವಲ್ದೇನೋ ಅಂತ
ನಾಕು ಜಿಬಿಯೊಳಗ ಮೂರು ಬೀಗರಿಗೇ ಬಡಿಸಿದೆ.
ಬೀಗರು ಉಣಲಿಲ್ಲ, ಮನಿಯವ್ರಿಗೆ ಉಪಾಸ.
ಪರದೆ ಗರ ಬಡದಂಗ ನಿಂತು
ಡಿಸ್ಕು ಕರಕರ ಹಲ್ಲು ಕಡೀತು.
ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತಾರ,
ಇಲ್ಲಿ ಹಾಸಿಗಿ ಒಂದು, ಕಾಲು ನಾಕು.
ಎಕ್ಸ್‌ಪಿ ಅದರ ಕಾಲದಾಗ ಎಷ್ಟು ಉಣ್ತಿತ್ತು? ಅರ್ಧ ಜಿಬಿ.
ಅಷ್ಟೇ ಬಡಿಸಿದೆ.
ಎರಡೂ ಉಸರ ಬಿಟ್ಟು ಕುಂತ್ವು.

ಆದ್ರೂ ಎಮ್ಮಿ ಎಮ್ಮೀನ.

ಮುಳಗುಂದ ನಾಕಾದ ಇಮಾಮಹುಸೇನಗ ಫೋನ್ ಹಚ್ಚಿದೆ.
"ಅಕ್ಕಾರ, ಬಯಾಸಿನ್ಯಾಗ ವರ್ಚುವಲೈಸೇಶನ್ ಚಾಲೂ ಐತೇನ್ರಿ?
ಪ್ರೊಸೆಸರಿಗೆ ಆ ವಿದ್ಯಾ ಬರ್ತೈತಿ,
ಕಂಪನಿಯವ್ರು ಕೀಲಿ ಹಾಕಿ ಕಳಿಸಿರ್ತಾರ.
ಎಫ್ ಎರಡು ಒತ್ರಿ, ಕೀಲಿ ತಗೀರಿ."

ಐದು ವರ್ಷ ಆತು ಈ ಪೆಟ್ಟಿಗಿ ತಗೊಂಡು.
ಐದು ವರ್ಷ
ಬರೋ ಕೆಲಸ ಅದರ ಕೈಯಾಗ ಮಾಡಿಸದ
ಬರೂದಿಲ್ಲಂತ ಬೈಕೊಂತ ಕುಂತಿದ್ದೆ.

ಕೀಲಿ ತಗದೆ.
ವೈರಸ್ ಕಾಯೋ ದಫೇದಾರ
ಬೀಗರ ಗಂಟು ಹೆಜ್ಜಿ ಹೆಜ್ಜಿಗೂ ಬಿಚ್ಚಿಸಿ ನೋಡ್ತಿದ್ದ,
ಇವ್ರು ನಮ್ಮವ್ರಪಾ ಅಂತ ಹೇಳಿ ಕೂಡ್ರಿಸಿದೆ.
ಮೆನುವಿನ ನೆರಳು, ಮಸಕಾಗೋ ಆಟ ಎಲ್ಲಾ ಬಂದ್.
ಕಡೀಕ ಆ ಹಸಿರು ಗುಡ್ಡನೂ ತಗದೆ.
ಬರೇ ಬೂದಿ ಬಣ್ಣ.

ಒಂದೂ ಹತ್ತಕ್ಕ ಪತ್ರ ತಗೀತು.
ತಗೀತು ಅನ್ನೂದ್ರಾಗ
ಅಕ್ಷರೆಲ್ಲಾ ಪಂಕ್ತಿ ಹಿಡದು ಕುಂತಿದ್ವು,
ಚಿ. ಕುಂ. ಸೌ. ನೀಲಗಂಗಾ,
ಚಿ. ಪಕ್ಕೀರಪ್ಪ.

ಪ.
ಫ ಅಲ್ಲ.
ಹೊಟ್ಟಿ ಕೆಳಗ ಗೀರಿಲ್ಲ.

ಪುಟದ ಗೆರಿ ಆಚೆ, ಅಚ್ಚಿಗೆ ಬರದ ಖಾಲಿ ಜಾಗದಾಗ
ಯಾರೋ ಸಣ್ಣಗ ಬರದಿದ್ರು:
'ಪ್ರಮೀಳಾ ಖೋಡೆ, ಮೊದಲನೇ ಕೆಲಸ'.
ಹತ್ತೊಂಬತ್ತರ ಹುಡುಗಿ, ಎರಡು ಜಡಿ,
ಯಜಮಾನ್ರು ನೋಡಬಾರದಂತ ಅಲ್ಲಿ ಅಡಗಿಸಿದ್ದೆ.

ಬಾಣ ತಂದು 'ಪ' ಬಾಜೂಕ ನಿಂದ್ರಿಸಿದೆ.
ಈಗ ಅದು ತಡವರಸ್ಲಿಲ್ಲ.

ಮುಂಜಾನೆ ಗಂಡನ್ನೂ ಕರಕೊಂಡು ಬಂದ್ಲು.
"ಗೀರು ಹಾಕ್ಲೇನ್ರಿ? ತಪ್ಪು ನಂದ ಐತಿ."
ಫಕ್ಕೀರಪ್ಪ ಕನ್ನಡಕ ಏರಿಸಿ ನೋಡಿದ, ನಗಲಿಲ್ಲ.
"ನಾನೂರು ಮನಿಗೆ ಹಂಚೇನಿ. ಒಬ್ರೂ ಹೇಳ್ಲಿಲ್ಲ."
"ನಾ ಅವತ್ತೇ ನೋಡಿದ್ದೆ," ಅಂದ್ಲು ನೀಲಗಂಗವ್ವ,
"ಈ ಹುಡುಗಿ ಕಣ್ಣು ಕೆಂಪಗಿತ್ತು. ಬಿಡು ಅಂತ ಬಿಟ್ಟೆ."

"ಆಧಾರದಾಗ ಐತಿ ಗೀರು," ಅಂದ ಆಂವ,
"ಇದು ಹೆಂಗಿತ್ತೋ ಹಂಗ ತಗೀರಿ."

ಎರಡು ಪ್ರತಿ, ಬಣ್ಣದ್ದು, ಇಪ್ಪತ್ತು ರೂಪಾಯಿ.
ಆಕಿ ಹದಿನೈದಕ್ಕ ಮುಗಿಸಿದ್ಲು.